ಹಸಿರು ಹೇಳಿಕೆಗೆ ಹೊಣೆ ಯಾರು? ಸುಸ್ಥಿರ ಮಾರುಕಟ್ಟೆಯ ಮೂಲತತ್ವಗಳು

ಸಾಬೂನಿನಿಂದ ಸಿಮೆಂಟಿನವರೆಗೆ, ನೀರಿನ ಬಾಟಲಿಯಿಂದ ಮೋಟಾರು ವಾಹನದವರೆಗೆ, ಇಂದು ಜಾಹೀರಾತಿನಲ್ಲಿ ಹಸಿರು ಬಣ್ಣ ಬಳಿದುಕೊಳ್ಳದ ಸರಕು ಅಪರೂಪ. 'ಪರಿಸರಸ್ನೇಹಿ', 'ನೈಸರ್ಗಿಕ', 'ಶುದ್ಧ' ಎಂಬ ಪದಗಳು ಒಂದು ಎಲೆಯ ಚಿತ್ರದೊಂದಿಗೆ ಪೊಟ್ಟಣದ ಮೇಲೆ ಅಚ್ಚಾಗುತ್ತವೆ. ಗ್ರಾಹಕ ಅದನ್ನು ನಂಬಿ ಕೆಲವೊಮ್ಮೆ ಹೆಚ್ಚಿನ ಬೆಲೆಯನ್ನೂ ತೆರುತ್ತಾನೆ. ಆ ಹೆಚ್ಚಿನ ಹಣವು ನೀರು, ಗಾಳಿ, ಮಣ್ಣುಗಳ ರಕ್ಷಣೆಗೆ ಸಲ್ಲುತ್ತಿದೆಯೇ ಅಥವಾ ಕೇವಲ ಬಣ್ಣದ ಖರ್ಚಿಗೆ ಸಲ್ಲುತ್ತಿದೆಯೇ ಎಂಬುದೇ ಇಲ್ಲಿರುವ ಪ್ರಶ್ನೆ. ಪರಿಸರದ ಹೊಣೆಯರಿತ ವ್ಯಾಪಾರ ಎಂದರೇನು, ಅದನ್ನು ತೋರಿಕೆಯ ಹಸಿರಿನಿಂದ ಬೇರ್ಪಡಿಸುವ ತತ್ವಗಳಾವುವು, ಈ ಕುರಿತು ನಮ್ಮ ಕಾನೂನು ಏನು ಹೇಳುತ್ತದೆ ಎಂಬುದರ ಸ್ಥೂಲ ಪರಿಚಯ ಈ ಲೇಖನದ ಉದ್ದೇಶ.

ಪರಿಕಲ್ಪನೆಯ ಹಿನ್ನೆಲೆ

ಮಾರಾಟವೆಂದರೆ ಗ್ರಾಹಕನ ಬಯಕೆಯನ್ನು ಅರಿತು ಅದನ್ನು ಲಾಭದಾಯಕವಾಗಿ ಪೂರೈಸುವುದು ಎಂಬುದು ವಾಣಿಜ್ಯಶಾಸ್ತ್ರದ ಹಳೆಯ ಪಾಠ. ಗ್ರಾಹಕನ ಕ್ಷಣಿಕ ಬಯಕೆಯಷ್ಟೇ ಸಾಲದು, ಅವನ ದೀರ್ಘಕಾಲದ ಹಿತವನ್ನೂ ಸಮಾಜದ ಹಿತವನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎಂಬ ವಿಚಾರವನ್ನು ಅಮೆರಿಕದ ಮಾರುಕಟ್ಟೆ ತಜ್ಞ ಫಿಲಿಪ್ ಕಾಟ್ಲರ್ 1972ರಲ್ಲಿ ಮುಂದಿಟ್ಟರು. ನಾರ್ವೆಯ ಪ್ರಧಾನಿಯಾಗಿದ್ದ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ನೇತೃತ್ವದ ವಿಶ್ವಸಂಸ್ಥೆಯ ಆಯೋಗವು 1987ರ ತನ್ನ ವರದಿಯಲ್ಲಿ ಸುಸ್ಥಿರ ಅಭಿವೃದ್ಧಿಗೆ ಒಂದು ವ್ಯಾಖ್ಯೆ ನೀಡಿತು. ಮುಂದಿನ ತಲೆಮಾರುಗಳ ಪಾಲನ್ನು ಕಸಿಯದೆ ಇಂದಿನವರ ಅಗತ್ಯಗಳನ್ನು ಪೂರೈಸಿಕೊಳ್ಳುವುದು ಎಂಬುದು ಅದರ ತಿರುಳು. ಬ್ರಿಟನ್ನಿನ ಜಾನ್ ಎಲ್ಕಿಂಗ್ಟನ್ 1994ರಲ್ಲಿ ಇದನ್ನು ವ್ಯಾಪಾರದ ಲೆಕ್ಕಪುಸ್ತಕಕ್ಕೆ ಅನ್ವಯಿಸಿ, ಕಂಪನಿಯೊಂದು ಹಣದ ಲಾಭನಷ್ಟದ ಜೊತೆಗೆ ಜನರ ಮತ್ತು ಭೂಮಿಯ ಲಾಭನಷ್ಟವನ್ನೂ ಬರೆದಿಡಬೇಕೆಂದು ವಾದಿಸಿದರು.

ಇದೇ ಕಾಲದಲ್ಲಿ ಇದರ ವಿರುದ್ಧ ಮುಖವೂ ಬೆಳೆಯಿತು. ಪರಿಸರ ಉಳಿಸಲು ಟವೆಲುಗಳನ್ನು ಮರುಬಳಸಿ ಎಂದು ಅತಿಥಿಗಳನ್ನು ಕೋರುವ ಹೋಟೆಲುಗಳನ್ನು ಗಮನಿಸಿದ ಪರಿಸರವಾದಿ ಜೇ ವೆಸ್ಟರ್‌ವೆಲ್ಡ್, 1986ರಲ್ಲಿ ಇಂತಹ ನಡೆಗೆ 'ಗ್ರೀನ್‌ವಾಷಿಂಗ್' ಎಂಬ ಹೆಸರಿಟ್ಟರು. ಉಳಿತಾಯವಾಗುತ್ತಿದ್ದುದು ಹೋಟೆಲಿನ ಬಟ್ಟೆ ಒಗೆಯುವ ಖರ್ಚು. ಕೀರ್ತಿ ಸಲ್ಲುತ್ತಿದ್ದುದು ಪರಿಸರಪ್ರೇಮಕ್ಕೆ. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದು ಹೊಸತೆಂದು ತೋರಿಸುವಂತೆ, ವ್ಯವಹಾರದ ಒಳಗನ್ನು ಬದಲಿಸದೆ ಹೊರಗೆ ಹಸಿರು ಬಳಿಯುವುದೇ ಗ್ರೀನ್‌ವಾಷಿಂಗ್.

ಸುಳ್ಳು ಹಸಿರಿನ ಹೊರೆ ಯಾರ ಮೇಲೆ?

ಇಂತಹ ಸುಳ್ಳಿನಿಂದ ಗ್ರಾಹಕನಿಗೆ ಹತ್ತಿಪ್ಪತ್ತು ರೂಪಾಯಿ ನಷ್ಟವಾಗಬಹುದು, ಅಷ್ಟೇ ತಾನೆ ಎಂದು ಕೇಳುವವರುಂಟು. ನಿಜವಾದ ಹಾನಿ ಅದಕ್ಕಿಂತ ದೊಡ್ಡದು. ಸರಕಿನ ಗುಣವನ್ನು ಮಾರುವವನು ಬಲ್ಲ, ಕೊಳ್ಳುವವನು ಅರಿಯ ಎಂಬ ಸ್ಥಿತಿಯಲ್ಲಿ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ತಮ್ಮ ಪ್ರಬಂಧವೊಂದರಲ್ಲಿ ಹಳೆಯ ಕಾರುಗಳ ವ್ಯಾಪಾರದ ಉದಾಹರಣೆಯಿಂದ ವಿವರಿಸಿದ್ದರು. 2001ರಲ್ಲಿ ನೊಬೆಲ್ ಗೌರವ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಒಳ್ಳೆಯ ಕಾರಿಗೂ ಕೆಟ್ಟ ಕಾರಿಗೂ ವ್ಯತ್ಯಾಸ ತಿಳಿಯದ ಗ್ರಾಹಕ ಎರಡಕ್ಕೂ ನಡುವಿನ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರು ಮಾರುವುದು ಗಿಟ್ಟದು. ಕೆಟ್ಟದ್ದನ್ನು ಮಾರುವವನಿಗೆ ಮಾತ್ರ ಲಾಭ. ಕೊನೆಗೆ ಒಳ್ಳೆಯದೇ ಮಾರುಕಟ್ಟೆಯಿಂದ ಹೊರಬೀಳುತ್ತದೆ.

ಹಸಿರು ಸರಕುಗಳ ಪಾಡೂ ಇದೇ. ತ್ಯಾಜ್ಯ ನೀರನ್ನು ಶುದ್ಧೀಕರಿಸಿ ಬಟ್ಟೆಗೆ ಬಣ್ಣ ಹಾಕುವ ಘಟಕಕ್ಕೂ, ಅದನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟು ಪೊಟ್ಟಣದ ಮೇಲೆ ಎಲೆ ಮುದ್ರಿಸುವ ಘಟಕಕ್ಕೂ ಅಂಗಡಿಯ ಕಪಾಟಿನಲ್ಲಿ ವ್ಯತ್ಯಾಸ ಕಾಣದು. ಮೊದಲನೆಯವನ ಖರ್ಚು ಹೆಚ್ಚು, ಎರಡನೆಯವನ ಲಾಭ ಹೆಚ್ಚು. ಆದ್ದರಿಂದ ಸುಳ್ಳು ಹಸಿರಿನ ದಂಡವನ್ನು ಮೊದಲು ತೆರುವವನು ಪ್ರಾಮಾಣಿಕ ಉತ್ಪಾದಕ. ಸುಸ್ಥಿರ ಮಾರುಕಟ್ಟೆಯ ತತ್ವಗಳೆಲ್ಲವೂ ಈ ವ್ಯತ್ಯಾಸವನ್ನು ಗ್ರಾಹಕನ ಕಣ್ಣಿಗೆ ಕಾಣುವಂತೆ ಮಾಡುವ ಉಪಾಯಗಳೆಂದು ತಿಳಿಯಬಹುದು.

ಮೊದಲನೆಯ ತತ್ವ: ಬಳಸುವವನಿಗೂ ಪ್ರಯೋಜನವಿರಲಿ

ಭೂಮಿಯ ಹೆಸರು ಹೇಳಿದರೆ ಸರಕು ತಾನಾಗಿ ಮಾರಾಟವಾಗದು. ಫಿಲಿಪ್ಸ್ ಕಂಪನಿ 1994ರಲ್ಲಿ ಅಮೆರಿಕದಲ್ಲಿ 'ಅರ್ಥ್‌ಲೈಟ್' ಎಂಬ ಹೆಸರಿನ ಸಿಎಫ್‌ಎಲ್ ದೀಪವನ್ನು ಮಾರುಕಟ್ಟೆಗೆ ತಂದಿತು. ಸಾಮಾನ್ಯ ಬಲ್ಬಿನ ಬೆಲೆ ಮುಕ್ಕಾಲು ಡಾಲರ್ ಇದ್ದಾಗ ಇದರ ಬೆಲೆ 15 ಡಾಲರ್. ಸಾಲದೆಂಬಂತೆ ಅದರ ಆಕಾರ ಅನೇಕ ದೀಪಗಳ ಹೋಲ್ಡರಿಗೆ ಹೊಂದುತ್ತಿರಲಿಲ್ಲ. ಜನ ಕೊಳ್ಳಲಿಲ್ಲ. ಕಂಪನಿಯು 2000ದಲ್ಲಿ ಆಕಾರವನ್ನು ಸುಧಾರಿಸಿ, 'ಮ್ಯಾರಥಾನ್' ಎಂದು ಹೆಸರು ಬದಲಿಸಿ, ಐದು ವರ್ಷ ಬಾಳಿಕೆ ಹಾಗೂ ವಿದ್ಯುತ್ ಬಿಲ್ಲಿನಲ್ಲಿ ಆಗುವ ಉಳಿತಾಯವನ್ನು ಮುಂದಿಟ್ಟಿತು. ಮಾರಾಟ ಚೇತರಿಸಿಕೊಂಡಿತು. ಪರಿಸರದ ಲಾಭ ಎರಡು ಸಂದರ್ಭಗಳಲ್ಲೂ ಇತ್ತು. ಗ್ರಾಹಕನಿಗೆ ತನ್ನ ಲಾಭ ಕಂಡದ್ದು ಎರಡನೆಯ ಬಾರಿ.

ನಮ್ಮಲ್ಲಿ ಎಲ್‌ಇಡಿ ದೀಪಗಳು ಮನೆಮನೆಗೆ ತಲುಪಿದ ಕಥೆಯೂ ಇದನ್ನೇ ಸಾರುತ್ತದೆ. ಕೇಂದ್ರ ಸರ್ಕಾರ 2015ರ ಜನವರಿಯಲ್ಲಿ ಆರಂಭಿಸಿದ ಉಜಾಲಾ ಯೋಜನೆ ಕರ್ನಾಟಕದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಜಾರಿಗೆ ಬಂದಿತು. ಭಾರಿ ಪ್ರಮಾಣದಲ್ಲಿ ಒಟ್ಟಾಗಿ ಖರೀದಿಸಿದ ಪರಿಣಾಮ, 2014ರ ಆರಂಭದಲ್ಲಿ 310 ರೂಪಾಯಿಯಷ್ಟಿದ್ದ ಬಲ್ಬಿನ ಸಗಟು ಖರೀದಿ ಬೆಲೆ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ದೇಶದಾದ್ಯಂತ ಈ ಯೋಜನೆಯಡಿ 36 ಕೋಟಿಗೂ ಹೆಚ್ಚು ಬಲ್ಬುಗಳು ವಿತರಣೆಯಾದವು. 60 ವ್ಯಾಟಿನ ಹಳೆಯ ಬಲ್ಬಿನ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಹಾಕಿ ದಿನಕ್ಕೆ ಐದು ತಾಸು ಉರಿಸಿದರೆ ವರ್ಷಕ್ಕೆ ಸುಮಾರು 93 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೂ ಒಂದು ದೀಪದಿಂದ 550 ರೂಪಾಯಿಗೂ ಮಿಗಿಲಾದ ಉಳಿತಾಯ. ಈ ಲೆಕ್ಕ ಗೃಹಿಣಿಗೆ ಅರ್ಥವಾಗಲು ಜಾಗತಿಕ ತಾಪಮಾನದ ಉಪನ್ಯಾಸ ಬೇಕಿಲ್ಲ.

ಎರಡನೆಯ ತತ್ವ: ಬೆಲೆ ಮತ್ತು ಸೇವೆ ಕೈಗೆಟುಕಲಿ

ದೀರ್ಘಕಾಲದಲ್ಲಿ ಅಗ್ಗವಾಗುವ ಹಸಿರು ಸರಕುಗಳು ಮೊದಲ ದಿನ ದುಬಾರಿಯಾಗಿರುವುದುಂಟು. ಈ ತೊಡಕನ್ನು ಬಿಡಿಸಿದ ಉದಾಹರಣೆ ಬೆಂಗಳೂರಿನಲ್ಲೇ ಇದೆ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸ್ಥಾಪಿಸಿದ ಸೆಲ್ಕೋ ಸಂಸ್ಥೆಯು ಬಡವರಿಗೆ ಸೌರವಿದ್ಯುತ್ ಕೊಳ್ಳುವ ಶಕ್ತಿಯಿಲ್ಲ ಎಂಬ ನಂಬಿಕೆಯನ್ನೇ ಪ್ರಶ್ನಿಸಿತು. ತಿಂಗಳಿಗೆ 300 ರೂಪಾಯಿ ಕಂತು ಭಾರವೆನಿಸುವ ಬೀದಿಬದಿ ವ್ಯಾಪಾರಿಗೆ ದಿನಕ್ಕೆ 10 ರೂಪಾಯಿ ಹಗುರವೆನಿಸುತ್ತದೆ. ಮೊತ್ತ ಒಂದೇ, ಆದರೆ ಅವನ ಆದಾಯ ಬರುವ ಕ್ರಮ ದಿನದ ಲೆಕ್ಕದ್ದು. ಗ್ರಾಹಕನ ಆದಾಯದ ಲಯಕ್ಕೆ ಸಾಲದ ಕಂತನ್ನು ಹೊಂದಿಸಲು ಬ್ಯಾಂಕುಗಳನ್ನು ಒಪ್ಪಿಸಿದ್ದು, ಕೆಟ್ಟಾಗ ದುರಸ್ತಿ ಮಾಡಲು ಹತ್ತಿರದಲ್ಲೇ ಸೇವಾಕೇಂದ್ರಗಳನ್ನು ತೆರೆದದ್ದು ಈ ಸಂಸ್ಥೆಯ ಯಶಸ್ಸಿನ ಗುಟ್ಟು. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಮಾರಾಟ ಮಾಡಿ ಮರೆತುಬಿಟ್ಟರೆ ಛಾವಣಿಯ ಮೇಲಿನ ಸೌರಫಲಕವೂ ಕಸವೇ. ದುರಸ್ತಿಯ ಹೊಣೆಯೂ ಮಾರುಕಟ್ಟೆ ನೀತಿಯ ಅಂಗ ಎಂಬುದನ್ನು ಈ ಪ್ರಯೋಗ ಕಲಿಸುತ್ತದೆ.

ಮೂರನೆಯ ತತ್ವ: ಹುಟ್ಟಿನಿಂದ ವಿಲೇವಾರಿಯವರೆಗೆ ಲೆಕ್ಕವಿರಲಿ

ಸರಕೊಂದು ಹಸಿರೋ ಅಲ್ಲವೋ ಎಂಬುದು ಅದರ ಒಂದು ಗುಣದಿಂದ ನಿರ್ಧಾರವಾಗದು. ಕಚ್ಚಾವಸ್ತು, ತಯಾರಿಕೆ, ಸಾಗಣೆ, ಬಳಕೆ, ವಿಲೇವಾರಿ ಎಂಬ ಐದೂ ಹಂತಗಳನ್ನು ಒಟ್ಟಾಗಿ ತೂಗಿ ನೋಡುವುದಕ್ಕೆ ಜೀವನಚಕ್ರ ವಿಶ್ಲೇಷಣೆ ಎನ್ನುತ್ತಾರೆ. ಕೈಚೀಲವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲಿನ ರಾಷ್ಟ್ರವ್ಯಾಪಿ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂದಿತು. ಇದರ ಬೆನ್ನಿಗೇ ಅಂಗಡಿಗಳಲ್ಲಿ ಬಟ್ಟೆಯಂತೆ ಕಾಣುವ ನಾನ್‌ವೂವನ್ ಚೀಲಗಳು ತುಂಬಿಕೊಂಡವು. ಅನೇಕರು ಅದನ್ನು ಬಟ್ಟೆಚೀಲವೆಂದೇ ಭಾವಿಸುತ್ತಾರೆ. ವಾಸ್ತವದಲ್ಲಿ ಅವು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳಿಂದ ಆದಂಥವು.

'ಗೊಬ್ಬರವಾಗುವ' ಚೀಲಗಳ ಕಥೆಯೂ ಎಚ್ಚರದಿಂದ ಓದಬೇಕಾದದ್ದು. ಇವುಗಳ ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪ್ರಮಾಣಪತ್ರ ಪಡೆದಿರಬೇಕು. ಆದರೆ ಪ್ರಮಾಣಿತ ಚೀಲವೂ ಗೊಬ್ಬರವಾಗುವುದು ನಿಗದಿತ ಉಷ್ಣತೆ ಮತ್ತು ತೇವಾಂಶ ಕಾಪಾಡುವ ಕಾಂಪೋಸ್ಟ್ ಘಟಕದಲ್ಲಿಯೇ ಹೊರತು ಚರಂಡಿಯಲ್ಲಿ ಅಲ್ಲ. ಹತ್ತಿಯ ಚೀಲವೂ ವಿಮರ್ಶೆಗೆ ಹೊರತಲ್ಲ. ಹತ್ತಿ ಬೆಳೆಯಲು ಅಪಾರ ನೀರು, ಗೊಬ್ಬರ, ಕೀಟನಾಶಕ ಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಮ್ಮೆ ಮಾತ್ರ ಬಳಸುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದಾಗ ತಾಪಮಾನ ಏರಿಕೆಯ ದೃಷ್ಟಿಯಿಂದ ಹತ್ತಿಚೀಲ ಮೇಲೆನಿಸಲು ಅದನ್ನು 131 ಬಾರಿಯಾದರೂ ಬಳಸಬೇಕು. ಹಾಗೆಂದು ಪ್ಲಾಸ್ಟಿಕ್ಕೇ ಲೇಸೆಂದಲ್ಲ; ಚರಂಡಿ ಕಟ್ಟುವ, ದನಗಳ ಹೊಟ್ಟೆ ಸೇರುವ ಹಾನಿ ಈ ಲೆಕ್ಕದಲ್ಲಿ ಸೇರಿಲ್ಲ. ತಾತ್ಪರ್ಯ ಇಷ್ಟೇ: ಸಮಾರಂಭಕ್ಕೊಂದರಂತೆ ಹಂಚುವ ಹತ್ತಾರು 'ಹಸಿರು' ಚೀಲಗಳಿಗಿಂತ, ಅಜ್ಜಿಯ ಕಾಲದಂತೆ ವರ್ಷಗಟ್ಟಲೆ ಬಾಳುವ ಒಂದೇ ಚೀಲ ಪರಿಸರಕ್ಕೆ ಹಿತ.

ನಾಲ್ಕನೆಯ ತತ್ವ: ಹೇಳಿಕೆಗೆ ಹೊರಗಿನ ಸಾಕ್ಷ್ಯವಿರಲಿ

ತನ್ನ ಸರಕಿಗೆ ತಾನೇ ಬರೆದುಕೊಂಡ ಪ್ರಶಸ್ತಿಪತ್ರಕ್ಕೆ ಬೆಲೆಯಿಲ್ಲ. ಫೋಕ್ಸ್‌ವ್ಯಾಗನ್ ಹಗರಣ ಇದಕ್ಕೆ ಜಗತ್ತು ಕಂಡ ದೊಡ್ಡ ನಿದರ್ಶನ. ಈ ಜರ್ಮನ್ ಕಂಪನಿ ಅಮೆರಿಕದಲ್ಲಿ ತನ್ನ ಕಾರುಗಳನ್ನು 'ಶುದ್ಧ ಡೀಸೆಲ್' ಎಂದು ಜಾಹೀರಾತು ಮಾಡಿ ಮಾರಿತು. ಪ್ರಯೋಗಾಲಯದ ಪರೀಕ್ಷೆ ನಡೆಯುತ್ತಿದೆ ಎಂಬುದನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ನಿಯಂತ್ರಿಸುವ ತಂತ್ರಾಂಶವನ್ನು ಆ ಕಾರುಗಳಲ್ಲಿ ಅಡಗಿಸಲಾಗಿತ್ತು. ರಸ್ತೆಗಿಳಿದ ಕಾರು ಕೆಲವು ಸಂದರ್ಭಗಳಲ್ಲಿ ಮಿತಿಗಿಂತ 40 ಪಟ್ಟು ಹೆಚ್ಚು ನೈಟ್ರೋಜನ್ ಆಕ್ಸೈಡುಗಳನ್ನು ಉಗುಳುತ್ತಿತ್ತು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಅಳತೆಯ ಉಪಕರಣಗಳನ್ನು ಕಾರಿನಲ್ಲೇ ಹೇರಿಕೊಂಡು ರಸ್ತೆಯ ಮೇಲೆ ಸಾವಿರಾರು ಕಿಲೋಮೀಟರ್ ಓಡಿಸಿ ಈ ವ್ಯತ್ಯಾಸವನ್ನು ಪತ್ತೆ ಹಚ್ಚಿತು. ಬೆಂಗಳೂರಿನಿಂದ ಹೋಗಿದ್ದ ಹೇಮಂತ್ ಕಪ್ಪಣ್ಣ ಆ ತಂಡದ ಸದಸ್ಯರಲ್ಲಿ ಒಬ್ಬರೆಂಬುದು ಕನ್ನಡಿಗರಿಗೆ ಗಮನಾರ್ಹ. 2015ರ ಸೆಪ್ಟೆಂಬರ್‌ನಲ್ಲಿ ಹಗರಣ ಬಯಲಾಯಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಈ ತಂತ್ರಾಂಶವಿದ್ದುದನ್ನು ಕಂಪನಿಯೇ ಒಪ್ಪಿಕೊಂಡಿತು.

ಸಾಕ್ಷ್ಯದ ಅಗತ್ಯ ದೊಡ್ಡ ಕಂಪನಿಗಳಿಗೆ ಮಾತ್ರ ಸೀಮಿತವಲ್ಲ ಎಂಬುದನ್ನು ನಮ್ಮ ಮಲೆನಾಡು, ಕರಾವಳಿಗಳ ಅಡಿಕೆ ಹಾಳೆ ಉದ್ಯಮ ತೋರಿಸಿಕೊಟ್ಟಿದೆ. ತಾನಾಗಿ ಕಳಚಿ ಬೀಳುವ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಈ ಕಸುಬಿಗೆ ಮರ ಕಡಿಯಬೇಕಿಲ್ಲ; ಬಳಸಿ ಬಿಸುಟ ತಟ್ಟೆ ಮಣ್ಣಿನಲ್ಲಿ ಕರಗುತ್ತದೆ. ಆದರೂ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಅಡಿಕೆ ಮರದಲ್ಲಿ ಸಹಜವಾಗಿರುವ ವಿಷಕಾರಿ ಅಂಶಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ನೀಡಿ, ಈ ತಟ್ಟೆಗಳ ಮಾರಾಟವನ್ನು ನಿಲ್ಲಿಸುವಂತೆ ತಯಾರಕರಿಗೂ ಆಮದುದಾರರಿಗೂ ತಿಳಿಸಿತು. ರಫ್ತನ್ನು ನೆಚ್ಚಿದ್ದ ಸಣ್ಣ ಘಟಕಗಳಿಗೆ ಇದು ಬಲವಾದ ಪೆಟ್ಟು. ಈ ತೀರ್ಮಾನ ಸರಿಯೋ ತಪ್ಪೋ ಎಂಬುದನ್ನು ನಿರ್ಧರಿಸಬೇಕಾದದ್ದು ಪ್ರಯೋಗಾಲಯ, ಭಾವನೆಯಲ್ಲ. 'ತಲೆತಲಾಂತರದಿಂದ ಬಳಸುತ್ತಿದ್ದೇವೆ' ಎಂಬ ಮಾತು ಊರಿನ ಊಟದ ಪಂಕ್ತಿಯಲ್ಲಿ ಸಲ್ಲುತ್ತದೆ. ವಿದೇಶಿ ನಿಯಂತ್ರಕರ ಮುಂದೆ ಪರೀಕ್ಷೆಯ ಅಂಕಿಅಂಶಗಳೇ ಮಾತಾಡಬೇಕು. ಆ ಪರೀಕ್ಷೆಗಳ ವೆಚ್ಚವನ್ನು ಒಬ್ಬೊಬ್ಬ ಸಣ್ಣ ಉದ್ಯಮಿ ಭರಿಸಲಾರ. ಸಹಕಾರ ಸಂಘಗಳು, ಸಂಶೋಧನಾ ಸಂಸ್ಥೆಗಳು, ಸರ್ಕಾರ ಕೈಜೋಡಿಸಿದರೆ ಮಾತ್ರ ಇಂತಹ ನಿಜವಾದ ಹಸಿರು ಕಸುಬು ಉಳಿಯಬಲ್ಲದು.

ಐದನೆಯ ತತ್ವ: ದಾನವಲ್ಲ, ದಿನಚರಿಯಾಗಲಿ

2013ರ ಕಂಪನಿ ಕಾಯ್ದೆಯು ನಿಗದಿತ ಗಾತ್ರಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕೆಂದು ವಿಧಿಸಿದೆ. ಇದು ಸ್ವಾಗತಾರ್ಹ. ಆದರೆ ಲಾಭದ ನೂರು ರೂಪಾಯಿಯಲ್ಲಿ ಎರಡನ್ನು ಗಿಡ ನೆಡಲು ಕೊಟ್ಟ ಮಾತ್ರಕ್ಕೆ ಕಂಪನಿ ಪರಿಸರದ ಹೊಣೆ ತೀರಿಸಿದಂತಲ್ಲ. ಆ ನೂರು ರೂಪಾಯಿಯನ್ನು ಗಳಿಸಿದ ಬಗೆ ಎಂತಹುದು ಎಂಬುದೇ ಮುಖ್ಯ. ಈ ದೃಷ್ಟಿಯಿಂದ ಸೆಬಿಯು 2022-23ರ ಹಣಕಾಸು ವರ್ಷದಿಂದ ಮಾರುಕಟ್ಟೆ ಮೌಲ್ಯದಲ್ಲಿ ಮುಂಚೂಣಿಯ 1000 ನೋಂದಾಯಿತ ಕಂಪನಿಗಳಿಗೆ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯಗೊಳಿಸಿರುವುದು ಮಹತ್ವದ ಹೆಜ್ಜೆ. ಬಳಸಿದ ನೀರು, ವಿದ್ಯುತ್, ಹೊರಬಿಟ್ಟ ತ್ಯಾಜ್ಯಗಳ ವಿವರ ಅದರಲ್ಲಿರಬೇಕು.

ಅತಿಯಾದ ಕೊಳ್ಳುವಿಕೆಯನ್ನೇ ಪ್ರಶ್ನಿಸುವ ಎದೆಗಾರಿಕೆ ತೋರಿದ ಕಂಪನಿಗಳೂ ಇಲ್ಲದಿಲ್ಲ. ಅಮೆರಿಕದ ಉಡುಪು ತಯಾರಕ ಪಟಗೋನಿಯಾ 2011ರ ನವೆಂಬರ್‌ನಲ್ಲಿ, ಆ ದೇಶದ ಭಾರಿ ಖರೀದಿಯ ದಿನದಂದೇ, ತನ್ನ ಜಾಕೆಟ್ಟನ್ನು ಕೊಳ್ಳಬೇಡಿ ಎಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾಹೀರಾತು ನೀಡಿತು. ಒಂದು ಜಾಕೆಟ್ ತಯಾರಿಕೆಗೆ ತಗಲುವ ನೀರು, ಹೊರಹೊಮ್ಮುವ ಇಂಗಾಲದ ಲೆಕ್ಕವನ್ನು ಅದರಲ್ಲೇ ಕೊಟ್ಟಿತ್ತು. ಇದೂ ಒಂದು ಮಾರಾಟತಂತ್ರವೇ ಎಂದು ಟೀಕಿಸಿದವರಿದ್ದಾರೆ. ಆದರೆ ಹರಿದ ಬಟ್ಟೆಯನ್ನು ಹೊಲಿದುಕೊಡುವ ವ್ಯವಸ್ಥೆಯನ್ನೂ ಕಂಪನಿ ನಡೆಸುತ್ತಿದ್ದುದರಿಂದ ಮಾತಿಗೆ ಕೃತಿಯ ಬೆಂಬಲವಿತ್ತು.

ಕಾನೂನಿನ ಚೌಕಟ್ಟು

ಭಾರತವು 1991ರಲ್ಲೇ ಮಡಕೆಯ ಚಿಹ್ನೆಯ 'ಇಕೋಮಾರ್ಕ್' ಯೋಜನೆಯನ್ನು ಆರಂಭಿಸಿತ್ತು. ಮಣ್ಣಿನಿಂದ ಹುಟ್ಟಿ ಮಣ್ಣಿಗೇ ಮರಳುವ ಮಡಕೆಗಿಂತ ಸೂಕ್ತ ಸಂಕೇತ ಮತ್ತೊಂದಿರಲಾರದು. ಆದರೆ ಉತ್ಪಾದಕರಿಗೆ ಅದರಿಂದ ಲಾಭ ಕಾಣಲಿಲ್ಲ, ಗ್ರಾಹಕರಿಗೆ ಅದರ ಪರಿಚಯವಾಗಲಿಲ್ಲ, ಯೋಜನೆ ಸೊರಗಿತು. 2024ರ ಸೆಪ್ಟೆಂಬರ್‌ನಲ್ಲಿ ಹೊಸ ಇಕೋಮಾರ್ಕ್ ನಿಯಮಗಳು ಅದರ ಸ್ಥಾನಕ್ಕೆ ಬಂದವು. ಇದಕ್ಕೆ ಹೋಲಿಸಿದರೆ ಇಂಧನ ದಕ್ಷತೆ ಬ್ಯೂರೋ 2006ರಲ್ಲಿ ಆರಂಭಿಸಿದ ನಕ್ಷತ್ರದ ಗುರುತು ಜನಜನಿತವಾಗಿದೆ. ಅದು 'ಹಸಿರು' ಎನ್ನುವುದಿಲ್ಲ. ವರ್ಷಕ್ಕೆ ಇಷ್ಟು ಯೂನಿಟ್ ವಿದ್ಯುತ್ ಎಂದು ಅಂಕಿಯಲ್ಲಿ ಹೇಳುತ್ತದೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಗ್ರೀನ್‌ವಾಷಿಂಗ್ ತಡೆಗಾಗಿ ಮಾರ್ಗಸೂಚಿಗಳನ್ನು ಹೊರಡಿಸಿದೆ. 'ಪರಿಸರಸ್ನೇಹಿ', 'ನೈಸರ್ಗಿಕ', 'ಶುದ್ಧ' ಮುಂತಾದ ಪದಗಳನ್ನು ತಕ್ಕ ವಿವರಣೆ ಮತ್ತು ಆಧಾರವಿಲ್ಲದೆ ಬಳಸುವಂತಿಲ್ಲ. ಹೇಳಿಕೆ ಇಡೀ ಸರಕಿಗೋ, ಪೊಟ್ಟಣಕ್ಕೆ ಮಾತ್ರವೋ ಎಂಬುದು ಸ್ಪಷ್ಟವಿರಬೇಕು. ಮುಂದೊಂದು ದಿನ ಸಾಧಿಸುತ್ತೇವೆ ಎನ್ನುವವರು ಅದಕ್ಕೆ ಕಾರ್ಯಯೋಜನೆ ತೋರಿಸಬೇಕು. ಜಾಹೀರಾತು ಉದ್ಯಮದ ಸ್ವಯಂನಿಯಂತ್ರಣ ಸಂಸ್ಥೆಯಾದ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ ಇಂತಹುದೇ ಸೂತ್ರಗಳು 2024ರ ಫೆಬ್ರುವರಿಯಿಂದ ಜಾರಿಯಲ್ಲಿವೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಗ್ರಾಹಕ ಕೇಳಬೇಕಾದ ಪ್ರಶ್ನೆಗಳು

ಕಾನೂನು ಎಷ್ಟೇ ಬಿಗಿಯಿದ್ದರೂ ಕೊಳ್ಳುವವನ ಎಚ್ಚರಕ್ಕೆ ಅದು ಬದಲಿಯಾಗದು. ಹಸಿರು ಸರಕೊಂದನ್ನು ಕೈಗೆತ್ತಿಕೊಂಡಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು.

1. ಹೇಳಿಕೆಯಲ್ಲಿ ಅಂಕಿ ಇದೆಯೇ, ಅಥವಾ ವಿಶೇಷಣ ಮಾತ್ರವೇ? 'ಶೇ 40 ಕಡಿಮೆ ನೀರು' ಎಂಬುದನ್ನು ಪರಿಶೀಲಿಸಬಹುದು. 'ಭೂಮಿಯ ಗೆಳೆಯ' ಎಂಬುದನ್ನು ಪರಿಶೀಲಿಸಲಾಗದು.

2. ಕಡಿಮೆ ಎಂದರೆ ಯಾವುದಕ್ಕಿಂತ ಕಡಿಮೆ? ಹೋಲಿಕೆಯ ಆಧಾರ ತಿಳಿಸದ ಅಂಕಿಗೆ ಅರ್ಥವಿಲ್ಲ.

3. ಪ್ರಮಾಣೀಕರಿಸಿದವರು ಯಾರು? ಕಂಪನಿಯೇ ಬರೆದುಕೊಂಡ ಎಲೆಯ ಚಿತ್ರ ಪ್ರಮಾಣಪತ್ರವಲ್ಲ. ಸಾವಯವ ಆಹಾರಕ್ಕೆ 'ಜೈವಿಕ್ ಭಾರತ್', ವಿದ್ಯುತ್ ಉಪಕರಣಕ್ಕೆ ನಕ್ಷತ್ರದ ಗುರುತು, ಗೊಬ್ಬರವಾಗುವ ಚೀಲಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ನೋಡಬೇಕು.

4. ಬಳಕೆ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ? ಮರಳಿ ಪಡೆಯುವ ಅಥವಾ ದುರಸ್ತಿ ಮಾಡುವ ವ್ಯವಸ್ಥೆ ಮಾರಿದವನಲ್ಲಿ ಇದೆಯೇ?

ಉತ್ತರ ಸಿಗದಿದ್ದರೆ ತಯಾರಕರಿಗೆ ಬರೆದು ಕೇಳಬಹುದು. ಮೋಸವೆನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಹೀಗೆ ಪ್ರಶ್ನಿಸುವ ಗ್ರಾಹಕರ ಸಂಖ್ಯೆ ಹೆಚ್ಚಿದಂತೆ ಬಣ್ಣ ಬಳಿಯುವವನ ಲಾಭ ಕುಗ್ಗುತ್ತದೆ. ತ್ಯಾಜ್ಯ ನೀರನ್ನು ಶುದ್ಧೀಕರಿಸಲು ನಿಜವಾಗಿ ಹಣ ಹಾಕಿದವನಿಗೆ ಆ ಹಣ ಮರಳಿ ಬರುತ್ತದೆ.